ಹಿಮದೊಳಗೆ ಫೋಟಾನ್‌ನ ನಡಿಗೆ

ದಕ್ಷಿಣ ಧ್ರುವದ ಹಿಮದಲ್ಲಿ 1450 ಮೀಟರ್ ಆಳದಿಂದ 2450 ಮೀಟರ್‌ವರೆಗೆ ನ್ಯೂಟ್ರಿನೊ ವೀಕ್ಷಣಾಲಯವಾದ ಐಸ್‌ಕ್ಯೂಬ್‌ನ, ಬೆಳಕು ಹಿಡಿಯುವ 5160 ಗಾಜಿನ ಗೋಳಗಳು ಕಗ್ಗತ್ತಲಲ್ಲಿ ಹೆಪ್ಪುಗಟ್ಟಿ ನಿಂತಿವೆ. ನ್ಯೂಟ್ರಿನೊ ಡಿಕ್ಕಿಯಿಂದ ಹೊಮ್ಮಿದ ಮ್ಯುಯಾನ್ ಕಣ ಅಲ್ಲಿ ಹಾದರೆ, ಅದರ ಹಾದಿಗೆ ಸುಮಾರು 41 ಡಿಗ್ರಿ ಓರೆಯಾಗಿ ನೀಲಿ-ನೇರಳೆ ಚೆರೆಂಕೋವ್ ಬೆಳಕು ಹರಡುತ್ತದೆ.

ಗ್ರಾಫಿಕ್ಸ್ ಪ್ರೊಸೆಸರಿನಲ್ಲಿ ಲೆಕ್ಕವಾಗಿ ಮರುಹುಟ್ಟು ಪಡೆಯುವ ಆ ಬೆಳಕನ್ನು ನಾನು ನೋಡುತ್ತೇನೆ. ಪ್ರೋಗ್ರಾಮಿನ ಓಟ ತಗ್ಗಿಸಿ, ಒಂದೇ ಫೋಟಾನನ್ನು ಹಿಂಬಾಲಿಸುತ್ತೇನೆ. ಹುಟ್ಟುವಾಗಲೇ ಯಾದೃಚ್ಛಿಕ ಸಂಖ್ಯೆಯೊಂದು ಅದರ ಆಯುಷ್ಯ ಬರೆದಿರುತ್ತದೆ. ನೆಟ್ಟಗೆ ಹೊರಡುತ್ತದೆ; ದೂಳಿನ ಕಣ ತಾಗಿದಲ್ಲಿ ತುಸು ಓಲಿ ಮತ್ತೆ ಮುಂದಕ್ಕೇ ಸಾಗುತ್ತದೆ. ಪೂರ್ತಿ ಹಿಂದಿರುಗುವುದು ಅಪರೂಪ. ಓಲಿನ ಮೇಲೆ ಓಲು ಸೇರಿ, ಹೊರಟ ದಿಕ್ಕು ಮೆಲ್ಲನೆ ಮಾಸುತ್ತದೆ. ತಿಳಿಹಿಮದಲ್ಲಿ ಆಯುಷ್ಯ ನಿಧಾನವಾಗಿ ಸವೆಯುತ್ತದೆ. 2000 ಮೀಟರ್ ಕೆಳಗಿನ ದಟ್ಟ ದೂಳಿನ ಪದರದಲ್ಲಿ ಬೇಗನೆ ತೀರುತ್ತದೆ. ಪ್ರತಿ ಹೆಜ್ಜೆಗೂ ಪ್ರೋಗ್ರಾಮ್ ಒಂದನ್ನೇ ಕೇಳುತ್ತದೆ: ಈ ಹಾದಿಯಲ್ಲಿ ಗೋಳವಿದೆಯೇ? ಬಹುತೇಕ ಫೋಟಾನ್‌ಗಳಿಗೆ ಕೊನೆಯವರೆಗೂ ಇಲ್ಲವೆಂಬುದೇ ಉತ್ತರ. ತಲುಪಿದ ಕೆಲವು, ತೆರೆಯ ಮೇಲೆ ಬಣ್ಣದ ಚುಕ್ಕಿಗಳಾಗುತ್ತವೆ: ಮೊದಲು ಬಂದವು ಕೆಂಪು, ನಡುವಿನವು ಹಳದಿ, ಹಸಿರು, ತಡವಾದವು ನೀಲಿ.

ಪ್ರೊಸೆಸರಿನ ನಡಿಗೆಯೂ ನೋಡತಕ್ಕದ್ದು. ಅಲ್ಲಿ 32 ಲೆಕ್ಕದ ಎಳೆಗಳು (ಥ್ರೆಡ್) ಒಂದೇ ಗುಂಪಾಗಿ ಹೆಜ್ಜೆ ಹಾಕುತ್ತವೆ. ಒಂದರ ಫೋಟಾನ್ ಮೊದಲ ತಿರುವಿನಲ್ಲೇ ಅಳಿದರೆ, ದೀರ್ಘಾಯುಷಿ ಜೊತೆಗಾರ ಮುಗಿಸುವವರೆಗೆ ಆ ಎಳೆ ಸುಮ್ಮನಿರಬೇಕು. ಅದಕ್ಕೆಂದೇ, ಅಳಿದ ಕ್ಷಣದಲ್ಲಿ ಅದೇ ಎಳೆಗೆ ಹೊಸ ಫೋಟಾನನ್ನು ಒಪ್ಪಿಸುವಂತೆ ಕೋಡ್ ಬರೆಯುತ್ತಾರೆ. ಆಗ ಭತ್ತದ ನಾಟಿಯ ಸಾಲಿನಂತೆ ಎಲ್ಲ ಕೈಗಳೂ ಬಿಡುವಿಲ್ಲದೆ ಬಾಗಿರುತ್ತವೆ.

ಹೀಗೆ ಒಂದೊಂದೇ ಫೋಟಾನನ್ನು ಹಿಂಬಾಲಿಸುವ ಮೊದಲು, ಬೆಳಕಿನ ಹರಡುವಿಕೆಯನ್ನು ಸರಾಸರಿಯಾಗಿ ಕೋಷ್ಟಕಗಳಲ್ಲಿ ತುಂಬಿಡುತ್ತಿದ್ದರು. ಹಿಮದ ಪದರಗಳ ಓರೆಯಂಥ ಸೂಕ್ಷ್ಮಗಳು ಅದರಲ್ಲಿ ಮುಚ್ಚಿಹೋಗುತ್ತಿದ್ದವು. ಗೋಳಗಳೊಳಗಿನ ಎಲ್‌ಇಡಿಗಳನ್ನು ಮಿಟುಕಿಸಿ ಅಳೆದಾಗ ಇನ್ನೊಂದು ಗುಣ ಹೊರಬಿತ್ತು: ವರ್ಷಕ್ಕೆ ಸುಮಾರು 10 ಮೀಟರ್ ಸರಿಯುವ ಈ ಹಿಮದಲ್ಲಿ, ಅದು ಹರಿಯುವ ದಿಕ್ಕಿನ ಗುಂಟ ಬೆಳಕು ಹೆಚ್ಚಾಗಿ ತಲುಪುತ್ತದೆ. ಹಿಮದ ಹರಳುಗಳು ಫೋಟಾನ್‌ಗಳನ್ನು ಕೂದಲೆಳೆಯಷ್ಟು ಆ ಅಕ್ಷದತ್ತ ಬಾಗಿಸುತ್ತವೆ. ಆ ಬಾಗನ್ನು ಈಗ ಒಂದೊಂದು ಫೋಟಾನ್‌ನ ಹೆಜ್ಜೆಯಲ್ಲೂ ಸೇರಿಸಬಹುದು.

ನ್ಯೂಟ್ರಿನೊ ಆಕಾಶದ ಯಾವ ಮೂಲೆಯಿಂದ ಬಂತೆಂದು ಐಸ್‌ಕ್ಯೂಬ್ ಹೇಳುವ ಮಾತಿನ ಖಚಿತತೆ, ಹಿಮವನ್ನು ನಾವು ಎಷ್ಟು ಅರಿತಿದ್ದೇವೆ ಎಂಬುದರ ಮೇಲೆ ನಿಂತಿದೆ.