ನಿಮಗಿದು ಗೊತ್ತೇ? ಕಾರಿಲ್ಲದೆ ಕಲ್ಯಾಣ: ಮೂರು ದಿನ, ಎರಡು ಕಾಲು!

ಶುಕ್ರವಾರ ರಜೆ ಬಿದ್ದಿದೆ. ಶನಿವಾರ, ಭಾನುವಾರ ಹೇಗೂ ಇದ್ದೇ ಇವೆ. ಕಾರಿಲ್ಲ, ಇದ್ದರೂ ತೆಗೆಯುವ ಮನಸ್ಸಿಲ್ಲ. ಹಾಗಾದರೆ ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಕಡೆ ಹೊರಡಿ. ಇಲ್ಲಿ ನಡೆದಷ್ಟೂ ಸೋಜಿಗ. ಚೀಲ ಕಟ್ಟುವ ಮೊದಲು ಒಂದಿಷ್ಟು ಕೇಳಿಬಿಡಿ!

ಹೊರಡುವ ಮುನ್ನ

ರಜೆ ಬಂದರೆ ಗುಡ್ಡ ಹತ್ತುವುದು ಈಗಿನ ಹುಡುಗರ ಶೋಕಿ ಅಂದುಕೊಂಡಿರಾ? ಸುಮಾರು 900 ವರ್ಷಗಳ ಹಿಂದೆ ಕಲ್ಯಾಣದ (ಅಂದರೆ ಇಂದಿನ ಬಸವಕಲ್ಯಾಣದ) ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ ಅರಸನ ವಿನೋದಗಳ ಪಟ್ಟಿಯೇ ಇದೆ. ಗುಡ್ಡದಲ್ಲಿ ಆಡುವುದು ಭೂಧರ ಕ್ರೀಡೆ. ಕಾಡಿನಲ್ಲಿ ಆಡಿದರೆ ವನಕ್ರೀಡೆ. ಮರಳಿನ ಮೇಲಾದರೆ ವಾಲುಕಾ ಕ್ರೀಡೆ. ಬೆಳದಿಂಗಳಿಗೆ ಜ್ಯೋತ್ಸ್ನಾ ಕ್ರೀಡೆ, ಬೆಳೆದು ನಿಂತ ಹೊಲಕ್ಕೆ ಸಸ್ಯಕ್ರೀಡೆ! ನಿಮ್ಮ ರಜೆಯ ಪ್ಲಾನನ್ನು ರಾಜನೇ ಹಾಕಿಟ್ಟು ಹೋಗಿದ್ದಾನೆ ನೋಡಿ!

ಅದೇ ಪುಸ್ತಕದಲ್ಲಿ ತಿಂಡಿಯ ಪಾಕವೂ ಉಂಟು. ‘ಇಡ್ಡರಿಕಾ’ ಎಂಬ ತಿನಿಸು ಅದರಲ್ಲಿ ಬರುತ್ತದೆ. ನಮ್ಮ ಇಡ್ಲಿಯ ಅಜ್ಜಿ ಅನ್ನಿ. ಆದರೆ ಅದಕ್ಕೆ ಅಕ್ಕಿ ಬೇಡ, ಬರೀ ಉದ್ದಿನ ಹಿಟ್ಟು. ಮೇಲೆ ಮೆಣಸು, ಜೀರಿಗೆ, ಇಂಗು. ‘ದೋಸಕ’ ಕೂಡ ಅಲ್ಲೇ ಇದೆ. ಊಹಿಸಲು ಕಷ್ಟವೇನಿಲ್ಲ, ಅದು ದೋಸೆ!

ಸರ್ಕಾರಿ ಬಸ್ಸಿನಲ್ಲಿ ಹೋಗುತ್ತೀರಾ? ಹಾಗಾದರೆ ಇದನ್ನು ಕೇಳಿ. ಬೀದರ್ ಸೀಮೆ ಹಿಂದೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನ 1932ರಲ್ಲೇ ಸ್ವಂತ ಬಸ್ ಓಡಿಸತೊಡಗಿತು. ದೇಶದಲ್ಲಿ ಸರ್ಕಾರವೇ ಬಸ್ ಓಡಿಸಿದ ಮೊದಲ ಉದಾಹರಣೆಗಳಲ್ಲಿ ಇದೊಂದು. ಆರಂಭಕ್ಕೆ ಇದ್ದದ್ದು ಎಷ್ಟು ಬಸ್ಸು ಗೊತ್ತೇ? ಬರೀ 27!

ಹೆಣ್ಣುಮಕ್ಕಳ ಗುಂಪು ಹೊರಟಿದ್ದರೆ ಖರ್ಚು ಇನ್ನೂ ಹಗುರ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಬೆಂಗಳೂರಿನ ಮೆಜೆಸ್ಟಿಕ್‌ನಿಂದ ಬಸವಕಲ್ಯಾಣದವರೆಗೆ ಬಸ್ಸು ಬದಲಿಸುತ್ತಾ ಬಂದರೂ ಚಾರ್ಜು ಸೊನ್ನೆ! ಗುರುತಿನ ಚೀಟಿ ಮಾತ್ರ ಮರೆಯಬೇಡಿ.

ರೈಲು ಬೇಕೇ? ಒಂದು ಕಾಲಕ್ಕೆ ನಾಡಿನ ರಾಜಧಾನಿಯಾಗಿದ್ದ ಬಸವಕಲ್ಯಾಣಕ್ಕೆ ಇವತ್ತಿಗೂ ರೈಲು ನಿಲ್ದಾಣವಿಲ್ಲ! ಹುಮನಾಬಾದ್‌ಗೆ ಇದೆ. 110 ಕಿ.ಮೀ. ಉದ್ದದ ಬೀದರ್–ಕಲಬುರಗಿ ಮಾರ್ಗದ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಕಲಬುರಗಿಯಿಂದ ಬರುವಾಗ ಮರಗುತ್ತಿ ಹತ್ತಿರ ರೈಲು ಗುಡ್ಡದ ಹೊಟ್ಟೆಯೊಳಗೆ ನುಗ್ಗುತ್ತದೆ. ಬಯಲುಸೀಮೆಯಲ್ಲಿ ಸುರಂಗ! ಕಿಟಕಿ ಪಕ್ಕದ ಸೀಟು ಹಿಡಿಯಿರಿ.

ಹುಮನಾಬಾದ್‌ನಿಂದ ಬಸವಕಲ್ಯಾಣ ಸುಮಾರು 30 ಕಿ.ಮೀ. ದಾರಿ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲೆ. ಎಕ್ಸ್‌ಪ್ರೆಸ್ ಬಸ್ಸು ಊರೊಳಗೆ ಹೋಗದಿದ್ದರೆ ಸಸ್ತಾಪುರ ಬಂಗ್ಲಾ ಕ್ರಾಸಿನಲ್ಲಿ ಇಳಿಯಿರಿ. ಊರೊಳಗೆ ಹೋಗಲು ಟಂಟಂ ಆಟೊ ಸಿಗುತ್ತದೆ. ಇನ್ನೊಂದು ತಮಾಷೆ: ಕಾರು ಬೇಡವೆಂದು ಬಂದ ನಿಮ್ಮನ್ನು ಮೊದಲು ಎದುರುಗೊಳ್ಳುವುದೇ ಲಾರಿ ರಿಪೇರಿಗೆ ಹೆಸರಾದ ಆಟೋನಗರ!

ಬುತ್ತಿಗೆ ಏನು? ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ. ಚೆನ್ನಾಗಿ ಒಣಗಿಸಿದ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಫ್ರಿಜ್ ಬೇಡ, ಒಲೆ ಬೇಡ, ತಟ್ಟೆಯೂ ಬೇಡ. ಚಾರಣದ ತಿನಿಸು ಅಂತ ಅಂಗಡಿಯಲ್ಲಿ ದುಬಾರಿ ಪೊಟ್ಟಣ ಕೊಳ್ಳುವವರು ಇಲ್ಲಿಯ ಅಜ್ಜಿಯರನ್ನು ಕೇಳಬೇಕಿತ್ತು!

ಯಾವಾಗ ಬರಬೇಕು? ನವೆಂಬರ್‌ನಿಂದ ಫೆಬ್ರುವರಿ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಳೆಗಾಲದ ಎರೆಮಣ್ಣಂತೂ ಇನ್ನೂ ಬೆರಕಿ. ಹತ್ತು ಹೆಜ್ಜೆ ಇಡಿ, ಬೂಟಿಗೆ ಒಂದು ಪದರ. ಇನ್ನು ಹತ್ತು ಹೆಜ್ಜೆ, ಇನ್ನೊಂದು ಪದರ. ಹೊಲ ದಾಟುವಷ್ಟರಲ್ಲಿ ನೀವು ಅರ್ಧ ಅಡಿ ಎತ್ತರ!

ಮೊದಲ ದಿನ: ಊರೊಳಗೇ ನಡೆಯಿರಿ

ಕೋಟೆ ಅಂದರೆ ದೂರದಿಂದಲೇ ಕಾಣಬೇಕು ಅಲ್ಲವೇ? ಬಸವಕಲ್ಯಾಣದ ಕೋಟೆ ಉಲ್ಟಾ. ನೆಲದ ಏರಿಳಿತ, ಬಂಡೆಗಳ ನಡುವೆ ಬೆರೆತು ಹೋಗುವಂತೆ ಕಟ್ಟಿದ್ದಾರೆ. ಹತ್ತಿರ ಬರುವವರೆಗೂ ಶತ್ರುವಿಗೆ ಸುಳಿವೇ ಸಿಗಬಾರದು! ಒಳಗೆ ಹಳೆಯ ಶಿಲ್ಪಗಳ ವಸ್ತುಸಂಗ್ರಹಾಲಯವೂ ಇದೆ.

ಇಲ್ಲಿ ಆಳಿದ ಆರನೇ ವಿಕ್ರಮಾದಿತ್ಯನಿಗೆ ಇದ್ದ ಕ್ಯಾಲೆಂಡರ್ ಸಾಕಾಗಲಿಲ್ಲ. 1076ರಲ್ಲಿ ಪಟ್ಟಕ್ಕೆ ಬಂದವನೇ ತನ್ನದೇ ಶಕೆ ಶುರುಮಾಡಿದ. ಅದೇ ಚಾಲುಕ್ಯ ವಿಕ್ರಮ ಶಕೆ. ಆಮೇಲೆ ಆಳಿದ್ದು ಬರೋಬ್ಬರಿ 50 ವರ್ಷ!

ಅವನ ಆಸ್ಥಾನಕ್ಕೆ ಬಂದ ಕವಿ ಬಿಲ್ಹಣ ಎಲ್ಲಿಯವನು ಗೊತ್ತೇ? ಕಾಶ್ಮೀರದವನು! ಮಥುರೆ, ಕನೌಜು, ಪ್ರಯಾಗ, ಕಾಶಿ ಎಲ್ಲ ಸುತ್ತಿ ಕಲ್ಯಾಣ ಮುಟ್ಟಿದ. ತನ್ನ ‘ವಿಕ್ರಮಾಂಕದೇವಚರಿತ’ ಕಾವ್ಯದ ಕೊನೆಯ ಸರ್ಗದಲ್ಲಿ ಈ ತಿರುಗಾಟದ ಕಥೆಯನ್ನೂ ಬರೆದಿಟ್ಟ. 11ನೇ ಶತಮಾನದ ಪ್ರವಾಸ ಕಥನ!

ನಿಮ್ಮ ಮನೆಯ ಆಸ್ತಿ ಭಾಗಕ್ಕೂ ಈ ಊರಿಗೂ ನಂಟಿದೆ. ವಿಜ್ಞಾನೇಶ್ವರ ‘ಮಿತಾಕ್ಷರ’ ಎಂಬ ಧರ್ಮಶಾಸ್ತ್ರ ಗ್ರಂಥ ಬರೆದದ್ದು ಇದೇ ವಿಕ್ರಮಾದಿತ್ಯನ ಕಾಲದ ಕಲ್ಯಾಣದಲ್ಲಿ. ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಭಾಗದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಪಾಲಿಗೆ ಆಧಾರವಾದದ್ದು ಅದೇ. ಕೋರ್ಟಿನಲ್ಲಿ ವಕೀಲರು ಇಂದಿಗೂ ಅದರ ಹೆಸರು ಹೇಳುತ್ತಾರೆ!

ಈಗ 12ನೇ ಶತಮಾನದ ಶರಣರ ಗವಿಗಳ ಸರದಿ. ಬಸವಣ್ಣನವರ ಅಕ್ಕ ನಾಗಮ್ಮನವರ ಗವಿ, ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನವರ ಗವಿ, ಸಮಗಾರ ಹರಳಯ್ಯನವರ ಗವಿ. ಜೊತೆಗೆ ತ್ರಿಪುರಾಂತ ಕೆರೆ. ಒಂದೇ ದಿನದಲ್ಲಿ ಕಾಲ್ನಡಿಗೆಯಲ್ಲೇ ಸುತ್ತಬಹುದು. ಕೆರೆಯ ಹುಲ್ಲಿನಿಂದ ಹಗ್ಗ ಮಾಡಿ ಬದುಕಿದವನ ಹೆಸರು ಉಳಿದಿದೆ. ಅವನ ಕಾಲದ ಎಷ್ಟೋ ಶ್ರೀಮಂತರ ಹೆಸರು ಯಾರಿಗೂ ಗೊತ್ತಿಲ್ಲ!

ಚಪ್ಪಲಿಯ ಮಾತು ಬಂದರೆ ಹರಳಯ್ಯನವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಎರಡು ಸಲ ನಮಸ್ಕರಿಸಿದ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಹೊಲಿದರು ಎನ್ನುತ್ತದೆ ಶರಣರ ಕಥೆ. ಬಸವಣ್ಣನವರು ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು! ನಿಮ್ಮ ಹೊಸ ಟ್ರೆಕ್ಕಿಂಗ್ ಶೂ ಕಚ್ಚಿದರೆ ಈ ಕಥೆ ನೆನಪಿಸಿಕೊಳ್ಳಿ.

ಸಂಜೆ ತಲೆ ಎತ್ತಿ ನೋಡಿ. ಕುಳಿತ ಬಸವಣ್ಣನವರ 108 ಅಡಿ ಎತ್ತರದ ಪ್ರತಿಮೆ! ಹತ್ತು ಅಂತಸ್ತಿನ ಕಟ್ಟಡದಷ್ಟು. ಅತ್ತ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಅದರ ನಕ್ಷೆಯಲ್ಲಿ ಕಂಬಗಳು ಎಷ್ಟು? 770. ಅನುಭವ ಮಂಟಪದ ಶರಣರ ಲೆಕ್ಕಕ್ಕೆ ಸರಿಯಾಗಿ!

ಎರಡನೇ ದಿನ: ಹೊಲದ ಬದುವಿನ ಮೇಲೆ

ಬೆಳಿಗ್ಗೆ ನಾರಾಯಣಪುರಕ್ಕೆ ನಡೆಯಿರಿ. ಮೂರ್ನಾಲ್ಕು ಕಿ.ಮೀ. ಅಷ್ಟೇ. ಸಣ್ಣ ಹಳ್ಳಿ, ಆದರೆ ಅಲ್ಲಿರುವುದು ಚಾಲುಕ್ಯರ ಕಾಲದ ಶಿವ ದೇವಾಲಯ. ಗೋಡೆಯ ಮೇಲೆ ಸಾಲುಸಾಲು ಶಿಲ್ಪಗಳು. ಟಿಕೆಟ್ಟಿನ ಸಾಲಿಲ್ಲ, ನೂಕುನುಗ್ಗಲಿಲ್ಲ!

ಕಾಲಡಿಯ ಕರಿಗಲ್ಲನ್ನು ಒಮ್ಮೆ ಮುಟ್ಟಿ ನೋಡಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಅದು ಕುದಿಯುವ ಲಾವಾ! ಭೂಮಿಯ ಬಿರುಕುಗಳಿಂದ ಉಕ್ಕಿ, ಪದರ ಪದರವಾಗಿ ಹರಡಿ ಆರಿದ್ದು. ಡೈನೋಸಾರ್‌ಗಳು ಅಳಿದದ್ದೂ ಅದೇ ಹೊತ್ತಿಗೆ. ಆ ಕಲ್ಲು ಪುಡಿಯಾಗಿ ಎರೆಮಣ್ಣಾಯಿತು, ಎರೆಯಲ್ಲಿ ತೊಗರಿ ಬಂತು. ನೀವು ನಿನ್ನೆ ಉಂಡ ಬೇಳೆಸಾರಿನ ಮೂಲ ಲಾವಾ!

ಕೆಲವು ಕಡೆ ನೆಲ ಥಟ್ಟನೆ ಕೆಂಪಾಗುತ್ತದೆ. ಅದು ಜಂಬಿಟ್ಟಿಗೆ. ನೆಲದಿಂದ ತೆಗೆಯುವಾಗ ಮೆತ್ತಗೆ, ಬೇಕಾದ ಹಾಗೆ ಕತ್ತರಿಸಬಹುದು. ಗಾಳಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ. ಭಟ್ಟಿಯಿಲ್ಲದೆ ತಯಾರಾಗುವ ಇಟ್ಟಿಗೆ!

ಇನ್ನೊಂದು ಸೋಜಿಗ ಕೇಳಿ. ಬಸವಕಲ್ಯಾಣ ತಾಲ್ಲೂಕಿನ ಮೇಲೆ ಬಿದ್ದ ಮಳೆ ಎರಡು ದಿಕ್ಕಿಗೆ ಪಾಲಾಗುತ್ತದೆ. ಚುಳಕಿ ನಾಲಾಕ್ಕೆ ಬಿದ್ದ ನೀರು ಮಾಂಜ್ರಾ ಸೇರಿ ಗೋದಾವರಿಗೆ. ಮುಲ್ಲಾಮಾರಿಗೆ ಬಿದ್ದದ್ದು ಕಾಗಿಣಾ, ಭೀಮಾ ಹಾದು ಕೃಷ್ಣೆಗೆ. ಒಂದೇ ಮೋಡ, ಎರಡು ಮಹಾನದಿ! ಒಂದು ದಿಬ್ಬದ ಆಚೆ ಈಚೆ ಬಿದ್ದ ಹನಿಗಳು ಮತ್ತೆ ಭೇಟಿಯಾಗುವುದು ಬಂಗಾಳ ಕೊಲ್ಲಿಯಲ್ಲೇ!

ಕೊಹಿನೂರ್ ನೋಡಲು ಲಂಡನ್ನಿಗೆ ಹೋಗಬೇಕಿಲ್ಲ. ಬಸವಕಲ್ಯಾಣ ತಾಲ್ಲೂಕಿನಲ್ಲೇ ಕೊಹಿನೂರ ಎಂಬ ಊರಿದೆ! ಬಸ್ಸಿನ ಬೋರ್ಡಿನ ಮೇಲೆ ಆ ಹೆಸರು ಕಂಡಾಗ ಫೋಟೊ ತೆಗೆಯದೆ ಬಿಟ್ಟೀರಾ?

ಸಂಜೆ ಬಸ್ಸು ತಪ್ಪಿತೇ? ‘ವಸ್ತಿ ಬಸ್’ ಅಂತ ಒಂದಿರುತ್ತದೆ. ರಾತ್ರಿ ಹಳ್ಳಿಗೆ ಬಂದು ಅಲ್ಲೇ ಮಲಗಿ, ನಸುಕಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಹೊರಡುವ ಬಸ್ಸು. ಡ್ರೈವರ್, ಕಂಡಕ್ಟರ್ ಇಬ್ಬರೂ ಆ ರಾತ್ರಿಗೆ ಆ ಊರಿನವರೇ. ಕಟ್ಟೆಯ ಮೇಲೆ ಕೂತ ಹಿರಿಯರನ್ನು ‘ಕಾಕಾ, ವಸ್ತಿ ಬಸ್ ಅದ ಏನ್ರಿ?’ ಅಂತ ಕೇಳಿದರೆ ಸಾಕು. ಆಪ್ ಹೇಳದ ಸಮಯವನ್ನು ಅವರು ಹೇಳುತ್ತಾರೆ!

ಮೂರನೇ ದಿನ: ಹುಮನಾಬಾದ್ ಸುತ್ತ

ಕಲ್ಲಿನ ಹೆಣ್ಣು ಅಕ್ಷರ ಬರೆಯುವುದನ್ನು ನೋಡಿದ್ದೀರಾ? ಹುಮನಾಬಾದ್ ಹತ್ತಿರದ ಜಲಸಂಗವಿಗೆ ಹೋಗಿ. ಅಲ್ಲಿಯ ಚಾಲುಕ್ಯರ ಗುಡಿಯ ಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ನಿಂತಿದ್ದಾಳೆ. ಬಳುಕಿದ ಮೈ, ಮೇಲೆತ್ತಿದ ಕೈ, ಎದುರಿಗೆ ಫಲಕ. ಆಕೆ ಬರೆಯುತ್ತಿರುವುದು ನಿಜವಾದ ಶಾಸನ! ಹೊಗಳಿಕೆ ವಿಕ್ರಮಾದಿತ್ಯನದು. ಭಾಷೆ ಸಂಸ್ಕೃತ, ಲಿಪಿ ಕನ್ನಡ. ಒಂಬತ್ತು ಶತಮಾನ ಕಳೆದರೂ ಕೈ ಕೆಳಗಿಳಿಸಿಲ್ಲ!

ಅದೇ ಸೀಮೆಯ ಮೋಳಕೇರಾ ಎಂಬ ಹಳ್ಳಿಯಲ್ಲಿ ಮೋಳಿಗೆ ಮಾರಯ್ಯನವರ ನೆನಪಿದೆ. ಕಟ್ಟಿಗೆ ಹೊರೆ ಮಾರಿ ಬದುಕಿದ ಶರಣ. ಆದರೆ ಮೂಲದಲ್ಲಿ ಕಾಶ್ಮೀರದ ಅರಸು ಎನ್ನುತ್ತದೆ ಪರಂಪರೆ! ಕವಿ ಬಿಲ್ಹಣನೂ ಅಲ್ಲಿಂದಲೇ, ಅರಸನೂ ಅಲ್ಲಿಂದಲೇ. ಕಲ್ಯಾಣದ ಸೆಳೆತ ಎಂಥದಿರಬೇಕು!

ಮಾಣಿಕನಗರ ಹುಮನಾಬಾದ್‌ಗೆ ಅಂಟಿಕೊಂಡೇ ಇದೆ. ನಡೆದೇ ಹೋಗಿ. ಇಲ್ಲಿಯ ಮಾಣಿಕಪ್ರಭುಗಳು ಹುಟ್ಟಿದ್ದು 1817ರಲ್ಲಿ, ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ. ಸಮಾಧಿಯಾದದ್ದು 1865ರಲ್ಲಿ. ಅವರ ಪಂಥದ ಹೆಸರೇ ‘ಸಕಲಮತ’. ಎಲ್ಲ ಮತವೂ ಸರಿ ಎನ್ನುವ ಪಂಥ! ಹಿಂದೂಗಳು, ಮುಸ್ಲಿಮರು ಇಬ್ಬರೂ ಅವರಿಗೆ ತಲೆಬಾಗಿದರು. ಡಿಸೆಂಬರ್‌ನಲ್ಲಿ ದತ್ತ ಜಯಂತಿಗೆ ಬಂದರೆ ಜಾತ್ರೆಯ ಗದ್ದಲ ನೋಡಬಹುದು.

ಎಳ್ಳಮಾವಾಸ್ಯೆಯ ಆಸುಪಾಸು ರಜೆ ಬಿದ್ದರೆ ನಿಮ್ಮ ಪುಣ್ಯ. ಅಂದು ಪೇಟೆ ಬಿಕೋ, ಹೊಲ ತುಂಬಾ ಜನ! ಮನೆಮಂದಿಯೆಲ್ಲ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಭೂಮಿತಾಯಿಯನ್ನು ಪೂಜಿಸಿ, ಬೆಳೆಯ ನಡುವೆ ಕೂತು ಉಣ್ಣುತ್ತಾರೆ. ಹಲವು ಕಾಳು, ಸೊಪ್ಪು, ತರಕಾರಿ ಸೇರಿಸಿ ಕುದಿಸಿದ ‘ಭಜ್ಜಿ’, ಸಜ್ಜೆ ರೊಟ್ಟಿ, ಅಂಬಲಿ. ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದು ಅಂದುಕೊಂಡರೆ ಇಲ್ಲಿ ಮೋಸ ಹೋಗುತ್ತೀರಿ! ದಾರಿಹೋಕರನ್ನೂ ‘ಬರ್ರಿ, ಊಟ ಮಾಡ್ರಿ’ ಅಂತ ಕರೆಯುತ್ತಾರೆ. ಗಡಿ ದಾಟಿ ಲಾತೂರ್ ಕಡೆ ಹೋದರೂ ಇದೇ ಊಟ. ಅಲ್ಲಿ ಹೆಸರು ಮಾತ್ರ ‘ವೇಳ ಅಮಾವಾಸ್ಯೆ’.

ಅದಾದ ಮೇಲೆ ಸೀತನಿಯ ಕಾಲ. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬಿಸಿಬಿಸಿ ಹಸಿರು ಕಾಳನ್ನು ಬಾಯಿಗೆ ಹಾಕಿಕೊಳ್ಳುವುದು. ಜೊತೆಗೆ ಬೆಲ್ಲ, ಶೇಂಗಾ ಹಿಂಡಿ. ಸೋಮೇಶ್ವರನ ಸಸ್ಯಕ್ರೀಡೆ ನೆನಪಾಯಿತೇ? ರಾಜನಿಗೆ ಅದು ವಿನೋದ, ಇಲ್ಲಿಯ ರೈತನಿಗೆ ಅದು ಜನವರಿ!

ಮರಳುವ ಮುನ್ನ

ಮೂರು ದಿನ ನಡೆದು ಕಾಲು ನೋಯುತ್ತಿದೆಯೇ? ಅಕ್ಕಮಹಾದೇವಿ ಶಿವಮೊಗ್ಗ ಸೀಮೆಯ ಉಡುತಡಿಯಿಂದ ಕಲ್ಯಾಣಕ್ಕೆ ಬಂದು, ಇಲ್ಲಿಂದ ಶ್ರೀಶೈಲಕ್ಕೆ ಹೋದರು. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ರಾಂತಿಯಾದಾಗ ಚನ್ನಬಸವಣ್ಣನವರ ಜೊತೆ ಶರಣರು ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಉಳವಿಯವರೆಗೆ ಹೋದರು. ಉಳವಿ ಇರುವುದು ಎಲ್ಲಿ? ಉತ್ತರ ಕನ್ನಡದ ಕಾಡಿನಲ್ಲಿ! ಕಲ್ಯಾಣದಿಂದ ನೂರಾರು ಕಿ.ಮೀ. ದೂರ.

2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಇಡೀ ಸೀಮೆಗೆ ಕಲ್ಯಾಣ ಕರ್ನಾಟಕ ಎಂದು ಹೆಸರಾಯಿತು. ನೀವು ಮೂರು ದಿನ ತಿರುಗಿದ ಈ ಊರಿನ ಹೆಸರೇ ಅದು! ಈ ಊರಿಗೆ ಹೆಸರು ತಂದವರಲ್ಲಿ ಒಬ್ಬರೂ ಕಾರಿನಲ್ಲಿ ಬಂದವರಲ್ಲ. ಮುಂದಿನ ರಜೆಗೆ ನೀವೂ ಕೀಲಿಕೈ ಮನೆಯಲ್ಲೇ ಬಿಟ್ಟು ಬನ್ನಿ. ಎರಡು ಬಾಟಲಿ ನೀರು, ನಾಲ್ಕು ಖಡಕ್ ರೊಟ್ಟಿ ಚೀಲದಲ್ಲಿರಲಿ. ಹಳ್ಳಿಗೆ ಕಾಲಿಟ್ಟ ಕೂಡಲೇ ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿಟ್ಟುಕೊಳ್ಳಿ!