ಹದ್ದಿಗೆ ಏಣಿ, ಕ್ಯಾಮೆರಾಗೆ ಬಿಸಿಲುಗುದುರೆ

ಜನವರಿಯ ಒಂದು ಬೆಳಿಗ್ಗೆ, ಏಳು ಗಂಟೆ. ಗೊರೇಬಾಳದ ಕಡೆಯ ಕಾಲುವೆ ಏರಿಯ ಮೇಲೆ ನಿಂತರೆ ಒಂದು ಮಗ್ಗುಲಿಗೆ ಕೊಯ್ದ ಭತ್ತದ ಕೂಳೆ, ಇನ್ನೊಂದು ಮಗ್ಗುಲಿಗೆ ಎರಡನೆಯ ಬೆಳೆಗೆಂದು ನೀರು ನಿಲ್ಲಿಸಿದ ಮಡಿಗಳು. ಕೂಳೆಯ ಮೇಲೆ, ಆಳೆತ್ತರಕ್ಕಿಂತ ತುಸು ಮೇಲೆ, ಕಂದು ಬಣ್ಣದ ಹಕ್ಕಿಯೊಂದು ರೆಕ್ಕೆಗಳನ್ನು ಇಂಗ್ಲಿಷಿನ ‘ವಿ’ ಅಕ್ಷರದಂತೆ ಎತ್ತಿ ಹಿಡಿದು ತೇಲುತ್ತಾ ಬರುತ್ತದೆ. ಬದುವಿನ ಉದ್ದಕ್ಕೂ ಸಾಗಿ, ತಟ್ಟನೆ ಹಿಂದಕ್ಕೆ ತಿರುಗಿ, ಹುಲ್ಲಿನೊಳಕ್ಕೆ ಕಾಲು ಚಾಚಿ ಬೀಳುತ್ತದೆ. ಹಕ್ಕಿ ನೋಡುವವರು ಇದನ್ನು ಸೆಳೆವ ಎನ್ನುತ್ತಾರೆ, ಇಂಗ್ಲಿಷಿನ ಹ್ಯಾರಿಯರ್. ಕಜಾಕಸ್ತಾನದ ಸೀಮೆಯ ಹುಲ್ಲುಗಾವಲುಗಳಲ್ಲಿ ಮರಿ ಮಾಡುವ ಮಾಂಟೆಗು ಸೆಳೆವ ಮತ್ತು ಬಿಳಿ ಸೆಳೆವಗಳು ಮಳೆಗಾಲ ಮುಗಿಯುವ ಹೊತ್ತಿಗೆ ದಖ್ಖನ್ನಿಗೆ ಬಂದು ಬೇಸಿಗೆ ಏರುವ ಮುನ್ನ ಮರಳುತ್ತವೆ. ಇಲ್ಲಿರುವಷ್ಟು ಕಾಲ ಮಿಡತೆ, ಇಲಿ, ಸಣ್ಣ ಹಕ್ಕಿಗಳೇ ಅವುಗಳ ಊಟ.

ಇಂಥ ಹಕ್ಕಿಯ ಚಿತ್ರ ತೆಗೆಯುವುದಕ್ಕೆ ದೊಡ್ಡ ಲೆನ್ಸ್ ಒಂದಿದ್ದರೆ ಸಾಕು ಎಂಬ ನಂಬಿಕೆಯಿದೆ. ಲೆಕ್ಕ ಬೇರೆಯೇ ಹೇಳುತ್ತದೆ.

ಸೆಳೆವದ ಉದ್ದ ಸುಮಾರು 45 ಸೆಂಟಿಮೀಟರ್. ಅದು 100 ಮೀಟರ್ ಆಚೆಯ ಬದುವಿನ ಮೇಲೆ ಕೂತಿದೆ ಎಂದುಕೊಳ್ಳೋಣ. 500 ಮಿಲಿಮೀಟರ್ ಲೆನ್ಸ್ ಅದರ ಬಿಂಬವನ್ನು ಸೆನ್ಸರ್ ಮೇಲೆ ಬರೀ ಎರಡೂಕಾಲು ಮಿಲಿಮೀಟರ್‌ನಷ್ಟು ಮೂಡಿಸುತ್ತದೆ. ಫುಲ್ ಫ್ರೇಮ್ ಸೆನ್ಸರ್‌ನ ಅಗಲ 36 ಮಿಲಿಮೀಟರ್. ಅಂದರೆ ಚಿತ್ರದ ಅಗಲದ ಹದಿನಾರರಲ್ಲಿ ಒಂದು ಪಾಲು ಹಕ್ಕಿ, ಉಳಿದ ಹದಿನೈದು ಪಾಲು ರೈತನ ಹೊಲ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಆ ಹಕ್ಕಿಗೆ ದಕ್ಕುವುದು ಉದ್ದಕ್ಕೆ 375 ಪಿಕ್ಸೆಲ್. ದೂರವನ್ನು ಅರ್ಧಕ್ಕೆ ಇಳಿಸಿದರೆ ಬಿಂಬ ಇಮ್ಮಡಿಯಾಗುತ್ತದೆ, ಬಿಂಬದ ವಿಸ್ತಾರ ನಾಲ್ಕು ಪಟ್ಟಾಗುತ್ತದೆ. ಆದರೆ ಆ ಐವತ್ತು ಮೀಟರನ್ನು ಬಿಟ್ಟುಕೊಡಬೇಕಾದದ್ದು ಹಕ್ಕಿ.

ಅದು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಆಸ್ಟ್ರೇಲಿಯಾದ ವೆಜ್ ಟೇಲ್ಡ್ ಹದ್ದಿನ ಕಣ್ಣನ್ನು ಪರೀಕ್ಷಿಸಿದ ವಿಜ್ಞಾನಿಗಳು ಅದರ ಸೂಕ್ಷ್ಮತೆ ಮನುಷ್ಯನ ಕಣ್ಣಿಗಿಂತ ಎರಡು ಪಟ್ಟು ಹೆಚ್ಚು ಎಂದು ಕಂಡುಕೊಂಡಿದ್ದಾರೆ. ಹಗಲು ಬೇಟೆಯ ಅನೇಕ ಹಕ್ಕಿಗಳಿಗೆ ಪ್ರತಿ ಕಣ್ಣಿನಲ್ಲೂ ತೀಕ್ಷ್ಣ ನೋಟದ ತಾಣಗಳು ಎರಡೆರಡು. ಹೆಚ್ಚು ಹರಿತವಾದದ್ದು ನೇರ ಮುಂದಕ್ಕಲ್ಲ, ಪಕ್ಕಕ್ಕೆ ನೋಡುತ್ತದೆ. ಆದ್ದರಿಂದಲೇ ದೂರದ ವಸ್ತುವನ್ನು ದಿಟ್ಟಿಸುವಾಗ ಡೇಗೆ ತಲೆಯನ್ನು ಓರೆಯಾಗಿಸುತ್ತದೆ. ‘ಹಕ್ಕಿ ಆಚೆ ನೋಡುತ್ತಿದೆ, ಈಗ ನಾಲ್ಕು ಹೆಜ್ಜೆ ಇಡೋಣ’ ಎಂದು ಹೊರಡುವವನನ್ನು ಅದು ಆ ಗಳಿಗೆಯಲ್ಲೇ ಅತ್ಯಂತ ಸ್ಪಷ್ಟವಾಗಿ ನೋಡುತ್ತಿರಬಹುದು.

ಅನುಭವಸ್ಥರು ನೇರವಾಗಿ ನಡೆದು ಹೋಗುವುದೇ ಇಲ್ಲ. ಕಾರಿನಲ್ಲೇ ಕೂತು, ಕಿಟಕಿಯ ಅಂಚಿನ ಮೇಲೆ ಕಾಳಿನ ಚೀಲ ಇಟ್ಟು, ಅದರ ಮೇಲೆ ಲೆನ್ಸ್ ಒರಗಿಸುತ್ತಾರೆ. ಟ್ರ್ಯಾಕ್ಟರ್, ಬೈಕು, ಭತ್ತ ಕೊಯ್ಯುವ ಯಂತ್ರಗಳ ನಡುವೆಯೇ ಬೇಟೆಯಾಡುವ ಹಕ್ಕಿಗೆ ವಾಹನದ ಭಯ ಕಡಿಮೆ. ಎರಡು ಕಾಲಿನ ಮನುಷ್ಯಾಕೃತಿ ಕಂಡರೆ ಹಾರುತ್ತದೆ. ಗೂಡಿನ ವಿಷಯದಲ್ಲಂತೂ ದೂರವೇ ಮರ್ಯಾದೆ. ಬ್ರಿಟನ್ನಿನ ಖ್ಯಾತ ಪಕ್ಷಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ 1937ರಲ್ಲಿ ಗೂಡಿನ ಬಳಿ ಗೂಬೆಯ ಚಿತ್ರ ತೆಗೆಯಲು ಹೋಗಿ, ಅದರ ಉಗುರಿನ ಏಟಿಗೆ ಒಂದು ಕಣ್ಣನ್ನೇ ಕಳೆದುಕೊಂಡರು.

ಹಕ್ಕಿ ಒಪ್ಪಿದರೂ ನಡುವೆ ಇನ್ನೊಂದು ಅಡ್ಡಿಯಿದೆ. ಅದು ಗಾಳಿ.

ಬೆಳಿಗ್ಗೆ ಒಂಬತ್ತರ ನಂತರ ಮಸ್ಕಿ, ಲಿಂಗಸುಗೂರಿನ ಕಡೆಯ ಎರೆಭೂಮಿ ಕಾಯತೊಡಗುತ್ತದೆ. ಕಪ್ಪು ಮಣ್ಣು ಬಿಸಿಲನ್ನು ಹೀರಿ ಮೇಲಿನ ಗಾಳಿಯನ್ನು ಬಿಸಿ ಮಾಡುತ್ತದೆ. ಬಿಸಿಗಾಳಿ ಗುಳ್ಳೆಗಳಂತೆ ನೆಲದಿಂದ ಕಿತ್ತು ಮೇಲೇಳುತ್ತದೆ. ಅಲ್ಲಿಯವರೆಗೆ ಕಲ್ಲುಗುಡ್ಡದ ತುದಿಯಲ್ಲೋ ವಿದ್ಯುತ್ ಕಂಬದ ಮೇಲೋ ಸುಮ್ಮನೆ ಕೂತಿದ್ದ ದೊಡ್ಡ ಹದ್ದುಗಳು ಈ ಏಣಿ ಹತ್ತುತ್ತವೆ. ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಚುಕ್ಕೆಯಾಗುತ್ತವೆ. ಸೆಳೆವ ಹಗುರ, ತೂಕ ಸುಮಾರು 300 ಗ್ರಾಂ, ಚಾಚಿದ ರೆಕ್ಕೆ ಹೆಚ್ಚುಕಡಿಮೆ ಒಂದು ಮೀಟರ್. ಹಾಗಾಗಿ ಅದು ಬಿಸಿಲಿಗೆ ಕಾಯದೆ ನಸುಕಿನಲ್ಲೇ ಕೆಲಸ ಶುರು ಮಾಡಬಲ್ಲದು.

ಹದ್ದನ್ನು ಎತ್ತುವ ಅದೇ ಗಾಳಿ ಅದರ ಚಿತ್ರವನ್ನು ಕೆಡಿಸುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದರ ವಕ್ರೀಭವನಾಂಕ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ಲೆಕ್ಕಕ್ಕೇ ಬಾರದ ವ್ಯತ್ಯಾಸ. ಆದರೆ 100 ಮೀಟರ್ ಉದ್ದಕ್ಕೂ ಬಿಸಿ, ತಂಪು ಪದರಗಳು ಕಲಸಿ ಕದಡುತ್ತಿದ್ದರೆ ಬೆಳಕಿನ ಕಿರಣ ನೂರಾರು ಸಲ ಆಚೀಚೆ ಬಾಗುತ್ತಾ ಬರುತ್ತದೆ. ಟಾರು ರಸ್ತೆಯ ಮೇಲೆ ನೀರು ನಿಂತಂತೆ ತೋರುವ ಬಿಸಿಲುಗುದುರೆಯ ಒಡಹುಟ್ಟು ಇದು. ತೆಗೆದ ಚಿತ್ರದಲ್ಲಿ ಗರಿಗಳೆಲ್ಲ ಅರಳೆಯಂತೆ ಕಾಣುತ್ತವೆ. ಫೋಕಸ್ ತಪ್ಪಿತೆಂದು ಛಾಯಾಗ್ರಾಹಕ ಲೆನ್ಸನ್ನು ಬೈಯುತ್ತಾನೆ. ಮೇಲೊಂದು ಟೆಲಿಕನ್ವರ್ಟರ್ ಸಿಕ್ಕಿಸಿದರೆ ಹಕ್ಕಿಯ ಜೊತೆ ನಡುಕವೂ ದೊಡ್ಡದಾಗುತ್ತದೆ. ಕಾರಿನ ಬಿಸಿ ಬಾನೆಟ್ ಮೇಲಿಂದ ಗುರಿಯಿಟ್ಟರೂ ಅದೇ ಗತಿ.

ಇದಕ್ಕೆ ಮದ್ದು ಅಂಗಡಿಯಲ್ಲಿಲ್ಲ, ಹೊಲದಲ್ಲಿದೆ. ನಡುಕ ಹೆಚ್ಚು ಇರುವುದು ನೆಲಕ್ಕೆ ಅಂಟಿದ ಗಾಳಿಯಲ್ಲಿ. ಕಾಲುವೆ ಏರಿಯ ಎತ್ತರದಿಂದ ನೋಡಿದರೆ ಕೊಂಚ ತಗ್ಗುತ್ತದೆ. ಎರೆಹೊಲಕ್ಕಿಂತ ನೀರು ನಿಂತ ಗದ್ದೆಯ ಮೇಲೆ ಗಾಳಿ ತಣ್ಣಗಿರುತ್ತದೆ. ಆ ನೀರಿಗೆ ಇನ್ನೊಂದು ಗುಣವಿದೆ: ಆಕಾಶದ ಬೆಳಕನ್ನು ಮೇಲಕ್ಕೆ ಚಿಮ್ಮಿಸಿ, ಹಾರುವ ಹಕ್ಕಿಯ ಹೊಟ್ಟೆ, ರೆಕ್ಕೆಯಡಿಗಳನ್ನು ಬೆಳಗುತ್ತದೆ. ಕಪ್ಪು ಮಣ್ಣಿನ ಮೇಲೆ ಅದೇ ಹಕ್ಕಿ ಬರೀ ನೆರಳು. ಚಳಿಗಾಲದಲ್ಲಿ ಇಲ್ಲಿನ ಗಾಳಿ ಬಹುಮಟ್ಟಿಗೆ ಮೂಡಣದಿಂದ ಬೀಸುತ್ತದೆ. ಹಕ್ಕಿಗಳು ಗಾಳಿಗೆ ಎದುರಾಗಿ ಮೇಲೇಳುತ್ತವೆ. ಹಾಗಾಗಿ ಬೆಳಿಗ್ಗೆ ಪೂರ್ವಕ್ಕೆ ಬೆನ್ನು ಮಾಡಿ ನಿಂತವನಿಗೆ ಸೂರ್ಯನೂ ಗಾಳಿಯೂ ಬೆನ್ನ ಹಿಂದೆಯೇ ಇರುತ್ತವೆ, ಹಾರಿದ ಹಕ್ಕಿ ಅವನ ಕಡೆಗೇ ಬರುತ್ತದೆ. ಹಾರುವ ಮುನ್ನ ಅದು ಸುಳಿವನ್ನೂ ಕೊಡುತ್ತದೆ: ತುಸು ಮುಂದೆ ಬಾಗಿ, ಬಾಲ ಎತ್ತಿ, ಪಿಚಕ್ಕೆಂದು ಹಿಕ್ಕೆ ಹಾಕುತ್ತದೆ. ಬೆರಳು ಶಟರ್ ಮೇಲೆ ಇರಬೇಕಾದ್ದು ಆಗ.

ಹಾರಿದ ಮೇಲೆ ವೇಗದ ಪ್ರಶ್ನೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅಡ್ಡ ಹಾಯುವ ಹಕ್ಕಿ, ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲಿನ ಹೊತ್ತಿನಲ್ಲಿ ಐದು ಮಿಲಿಮೀಟರ್ ಸರಿದಿರುತ್ತದೆ. 100 ಮೀಟರ್ ದೂರದಿಂದ ಅದು ಸುಮಾರು ನಾಲ್ಕು ಪಿಕ್ಸೆಲ್ ಕಲಸುವಷ್ಟು. ಲೆನ್ಸನ್ನೂ ಅದರ ಜೊತೆ ತಿರುಗಿಸುತ್ತಾ ಹೋಗುವುದೇ ದಾರಿ. ಕಪ್ಪು ರೆಕ್ಕೆಯ ಹದ್ದು ಮಾತ್ರ ಈ ಕಷ್ಟ ಕೊಡುವುದಿಲ್ಲ. ಬಿಳಿ ಮೈ, ಕೆಂಪು ಕಣ್ಣಿನ ಈ ಪುಟ್ಟ ಹದ್ದು ಗದ್ದೆಯ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುತ್ತದೆ. ಮೈ ತೂಗಾಡುತ್ತದೆ, ಬಾಲ ಅಗಲಿಸಿ ಮುಚ್ಚುತ್ತದೆ, ತಲೆಯೊಂದು ಗಾಳಿಗೆ ಮೊಳೆ ಹೊಡೆದಂತೆ ಅಲ್ಲಾಡದೆ ಇರುತ್ತದೆ. ಕೆಳಗಿನ ಇಲಿ ಅದಕ್ಕೆ ಮಸುಕಾಗಿ ಕಾಣಬಾರದಲ್ಲ! ಛಾಯಾಗ್ರಾಹಕನಿಗೂ ಆ ಕಣ್ಣು ಸ್ಪಷ್ಟವಾಗಿ ಸಿಗುತ್ತದೆ.

ಈ ವಿದ್ಯೆಗೆ ಈ ನಾಡಿನಲ್ಲಿ ಹಳೆಯ ನಂಟಿದೆ. ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಮತ್ತು ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರಾದದ್ದು ಫಿಲ್ಮ್ ಕಾಲದಲ್ಲಿ. ಒಂದು ರೋಲಿಗೆ 36 ಚಿತ್ರ. ಫಲಿತಾಂಶ ಕಾಣುವುದು ತೊಳೆದ ಮೇಲೆ. ಈಗಿನ ಕ್ಯಾಮೆರಾ ಅಷ್ಟನ್ನು ಎರಡೇ ಸೆಕೆಂಡಿನಲ್ಲಿ ಮುಗಿಸಬಲ್ಲದು. ಬಿಸಿಗಾಳಿಯ ಮುಂದೆ ಮಾತ್ರ ಎರಡೂ ಕಾಲದವರು ಒಂದೇ.

ಹಾಗೆಂದು ಮಸುಕಾದ ಚಿತ್ರಗಳೆಲ್ಲ ಕಸವಲ್ಲ. ಮಾಂಟೆಗು ಮತ್ತು ಬಿಳಿ ಸೆಳೆವಗಳ ಹೆಣ್ಣುಗಳನ್ನು ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ. ಬಿಳಿ ಸೆಳೆವದ ಕೆನ್ನೆಯ ಹಿಂದೆ ತಿಳಿಬಣ್ಣದ ಕೊರಳಪಟ್ಟಿಯಿರುತ್ತದೆ, ಅದರ ಹಿಂದೆ ಕತ್ತು ಕಪ್ಪಾಗಿರುತ್ತದೆ. ಗಂಡುಗಳಲ್ಲಿ ಗುರುತು ಇನ್ನೂ ಸುಲಭ: ಮಾಂಟೆಗುವಿನ ರೆಕ್ಕೆಯ ಮೇಲೆ ಕಪ್ಪು ಅಡ್ಡಪಟ್ಟೆ, ಬಿಳಿ ಸೆಳೆವದ ರೆಕ್ಕೆತುದಿಯಲ್ಲಿ ಕಪ್ಪು ಬೆಣೆ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಬಿಳಿ ಸೆಳೆವ ಅಪಾಯದ ಅಂಚಿನಲ್ಲಿರುವ ಹಕ್ಕಿ. ಯಾವ ಊರಿನಲ್ಲಿ, ಯಾವ ದಿನ ಕಂಡಿತು ಎಂಬ ವಿವರದೊಡನೆ ಇ–ಬರ್ಡ್‌ನಂಥ ದಾಖಲೆಗೆ ಸೇರಿದ ಚಿತ್ರ ಗೋಡೆಗೆ ತೂಗುಹಾಕಲು ಯೋಗ್ಯವಲ್ಲದಿದ್ದರೂ ಸಂಶೋಧಕರ ಕೆಲಸಕ್ಕೆ ಬರುತ್ತದೆ. ಹೊರಗಿಡಬೇಕಾದ ವಿವರ ಒಂದೇ, ಗೂಡಿನ ಮತ್ತು ರಾತ್ರಿ ತಂಗುವ ಜಾಗದ ಗುಟ್ಟು. ಸೆಳೆವಗಳು ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ಮಲಗುತ್ತವೆ. ಮುಸ್ಸಂಜೆ ಒಬ್ಬರು ಒಳಹೊಕ್ಕರೆ ಇಡೀ ಗುಂಪು ಏಳುತ್ತದೆ.

ಹತ್ತು ಗಂಟೆಯಾಗುವ ಹೊತ್ತಿಗೆ ಕೂಳೆಯ ಮೇಲಿದ್ದ ಸೆಳೆವವೂ ಬೇಟೆ ಬಿಟ್ಟು ಸುತ್ತು ಹಾಕುತ್ತಾ ಮೇಲೇರತೊಡಗುತ್ತದೆ. ಅದರ ಚಿತ್ರವನ್ನು ಪರದೆಯಲ್ಲಿ ದೊಡ್ಡದು ಮಾಡಿ ನೋಡಿದರೆ ಕಂದು ಬಣ್ಣದ ಒಂದು ಮುದ್ದೆ, ಅದರ ಕೆನ್ನೆಯ ಹಿಂದೆ ಎಂಟು ಹತ್ತು ಪಿಕ್ಸೆಲ್ ಅಗಲದ ಬಿಳಿ ಗೆರೆ, ಅದರ ಹಿಂದೆ ಕಪ್ಪು. ಹೆಣ್ಣು ಬಿಳಿ ಸೆಳೆವ.