ಗಿಣಿ ಪುಕ್ಕ ಕೀಳುತ್ತಿದೆಯೇ? ಔಷಧಿಗೆ ಮುಂಚೆ ಪಂಜರ ನೋಡಿ!

ಚಳ್ಳಕೆರೆ: ಪೇಟೆಯ ಒಂದು ಕಿರಾಣಿ ಅಂಗಡಿ. ಯಾವ ಬೀದಿ, ಯಾರ ಅಂಗಡಿ ಎಂಬುದು ಬೇಡ. ಕಾರಣ ಮುಂದೆ ಓದಿದರೆ ತಾನೇ ತಿಳಿಯುತ್ತದೆ. ಗಲ್ಲಾಪೆಟ್ಟಿಗೆಯ ಮೇಲೆ ತೂಗುವ ಪಂಜರ. ಅದರೊಳಗೆ ಹನ್ನೊಂದು ವರ್ಷದಿಂದ ಒಂದು ಗಂಡು ಗಿಣಿ. "ಬಾರಣ್ಣ, ಏನ್ ಬೇಕು?" ಎಂದು ಗಿರಾಕಿಗಳನ್ನು ಕರೆಯುವ ಈ ಗಿಣಿಯೇ ಆ ಅಂಗಡಿಗೆ ಬೋರ್ಡು. ಬಸ್ಸಿಗೆ ಹೊರಟವರೂ ಎರಡು ನಿಮಿಷ ನಿಂತು ಮಾತಾಡಿಸಿ ಹೋಗುವುದುಂಟು.

ಮೂರು ತಿಂಗಳಿಂದ ಗಿಣಿಯ ಬಾಯಿ ಕಟ್ಟಿದೆ. ಎದೆಯ ಹಸಿರು ಗರಿಗಳೆಲ್ಲ ಮಾಯ. ರೆಕ್ಕೆಯ ಕೆಳಗೆ, ತೊಡೆಯ ಮೇಲೆ ಬರೀ ಚರ್ಮ. ಬೆಳಿಗ್ಗೆ ಬಾಗಿಲು ತೆಗೆದರೆ ಪಂಜರದ ತಳದಲ್ಲಿ ಪುಕ್ಕದ ರಾಶಿ. ಕಿತ್ತವರು ಯಾರು? ಬೆಕ್ಕಲ್ಲ, ಇಲಿಯಲ್ಲ. ಗಿಣಿಯೇ!

"ಸಾವ್ಕಾರ್ರೆ, ಇದೇನ್ರೀ ಕೋಳಿ ಅಂಗಡೀಲಿ ನೇತಾಕಿದಂಗೆ ಐತಲ್ಲ" ಎಂದು ಗಿರಾಕಿಗಳ ತಮಾಷೆ. ಸಾವ್ಕಾರ್ರಿಗೆ ನಗು ಬರುವುದಿಲ್ಲ. "ಮಗೂನ್ ಸಾಕಿದಂಗೆ ಸಾಕಿದೀನಿ. ಏನ್ ಕಮ್ಮಿ ಮಾಡಿದೀನಿ ಇದಕ್ಕೆ?" ಎಂಬುದು ಅವರ ಪ್ರಶ್ನೆ.

ಒಬ್ಬರು ದೃಷ್ಟಿ ಎಂದರು, ನಿವಾಳಿಸಿದ್ದಾಯಿತು. ಇನ್ನೊಬ್ಬರು ಹರಳೆಣ್ಣೆಗೆ ಅರಿಶಿನ ಕಲಸಿ ಹಚ್ಚಿ ಎಂದರು, ಅದೂ ಆಯಿತು. ಮತ್ತೊಬ್ಬ ಮಹಾಶಯರು ಸೀಮೆಎಣ್ಣೆ ಒರೆಸಲು ಹೇಳಿದರು. ಪುಣ್ಯಕ್ಕೆ ಅದು ಆಗಲಿಲ್ಲ. ದವಾಖಾನೆಗೆ ಮಾತ್ರ ಹೋಗಿಲ್ಲ. ಯಾಕೆ? "ಹೋದ್ರೆ ಗಿಣಿ ಎಲ್ಲಿಂದ ಬಂತು ಅಂತಾರೆ. ಕೇಸ್ ಹಾಕಿದ್ರೆ ಏನ್ ಮಾಡೋದು?"

ಗಂಟು ಇರುವುದೇ ಇಲ್ಲಿ. ಮೊದಲು ಪುಕ್ಕದ ವಿಷಯ ನೋಡೋಣ, ಆಮೇಲೆ ಕೇಸಿನದು.

ಉದುರುವುದು ಬೇರೆ, ಕೀಳುವುದು ಬೇರೆ

ಎಲ್ಲ ಹಕ್ಕಿಗಳಂತೆ ಗಿಣಿಯೂ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಹಳೇ ಗರಿ ಕಳಚಿ ಹೊಸದು ಉಡುತ್ತದೆ. ಆಗ ಒಂದೆರಡು, ನಾಲ್ಕಾರು ಹೀಗೆ ಉದುರುತ್ತವೆಯೇ ಹೊರತು ಮೈ ಬೋಳಾಗುವುದಿಲ್ಲ. ಉದುರಿದ ಜಾಗದಲ್ಲಿ ಮುಳ್ಳಿನಂಥ ಹೊಸ ಗರಿ ಮೊಳೆಯುತ್ತದೆ. ಇದಕ್ಕೆ ಗಾಬರಿ ಬೇಡ.

ಚರ್ಮ ಕಾಣುವಷ್ಟು ಬೋಳಾದರೆ, ಗರಿಯ ತುದಿ ಕಚ್ಚಿದಂತೆ ಹರಿದಿದ್ದರೆ, ರಕ್ತ ಜಿನುಗಿದರೆ ಅದು ಕೀಳುವ ಚಾಳಿ. ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಗಿಣಿಯ ತಲೆ ನೋಡಿ. ತನ್ನ ಕೊಕ್ಕು ತನ್ನ ತಲೆಗೆ ಎಟಕುವುದಿಲ್ಲ. ಮೈಯೆಲ್ಲ ಬೋಳಾಗಿ ತಲೆ ಮಾತ್ರ ತುಂಬಿದ್ದರೆ ಕೀಳುತ್ತಿರುವುದು ಗಿಣಿಯೇ. ತಲೆಯ ಗರಿಯೂ ಹೋಗುತ್ತಿದ್ದರೆ ಜೊತೆಯ ಹಕ್ಕಿ ಕುಕ್ಕುತ್ತಿರಬೇಕು, ಇಲ್ಲವೇ ರೋಗ ಇರಬೇಕು. ಕೊಕ್ಕು ಮತ್ತು ಗರಿಯನ್ನೇ ಹಾಳು ಮಾಡುವ ಒಂದು ವೈರಸ್ ರೋಗ ಗಿಣಿಗಳಿಗೆ ಬರುವುದುಂಟು. ಅದು ಬಂದ ಹಕ್ಕಿಯನ್ನು ಬೇರೆ ಹಕ್ಕಿಗಳ ಹತ್ತಿರ ಬಿಡಲೇಬಾರದು.

ಶೇಂಗಾ ಪ್ರೀತಿಯ ಶಾಪ

ಚಳ್ಳಕೆರೆ ಎಂದರೆ ಎಣ್ಣೆ ಮಿಲ್ಲು, ಶೇಂಗಾ. ಇಲ್ಲಿ ಗಿಣಿಗೆ ಕೈಗೆ ಸಿಗುವ ಊಟವೂ ಅದೇ. ಬೆಳಿಗ್ಗೆ ಶೇಂಗಾ, ಮಧ್ಯಾಹ್ನ ಸೂರ್ಯಕಾಂತಿ ಬೀಜ, ಸಂಜೆ ಗಿರಾಕಿಗಳ ಕೈಯಿಂದ ಮಂಡಕ್ಕಿ, ಮೆಣಸಿನಕಾಯಿ ಬೋಂಡದ ಚೂರು. ಗಿಣಿ ಬೇಡ ಎನ್ನುವುದಿಲ್ಲ. ತಿಂದಿದ್ದೆಲ್ಲ ಮೈಗೆ ಹತ್ತುವುದೂ ಇಲ್ಲ.

ಬರೀ ಎಣ್ಣೆಕಾಳು ತಿಂದ ಹಕ್ಕಿಗೆ ಕೊಬ್ಬು ಜಾಸ್ತಿ, ಎ ಜೀವಸತ್ವ ಕಮ್ಮಿ. ಅದು ಕಮ್ಮಿಯಾದರೆ ಚರ್ಮ ಒಣಗಿ ತುರಿಕೆ ಹತ್ತುತ್ತದೆ. ಕೈಯಿಲ್ಲದ ಜೀವ, ಕೊಕ್ಕಿನಲ್ಲೇ ಕೆರೆದುಕೊಳ್ಳುತ್ತದೆ. ಕೆರೆಯುತ್ತಾ ಕೆರೆಯುತ್ತಾ ಕೀಳುತ್ತದೆ.

ಇನ್ನೊಂದು ಅಪಾಯ ಮಿಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ: ಬೂಷ್ಟು. ತೇವ ಹಿಡಿದ ಶೇಂಗಾದಲ್ಲಿ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಈ ವಿಷ ಜಗತ್ತಿಗೆ ಗೊತ್ತಾದದ್ದೇ ಹಕ್ಕಿಗಳ ಸಾವಿನಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಹುಡುಕುತ್ತಾ ಹೋದರೆ ಸಿಕ್ಕಿದ್ದು ಬ್ರೆಜಿಲ್ ದೇಶದಿಂದ ತರಿಸಿದ್ದ ಶೇಂಗಾ ಹಿಂಡಿ! ಈ ವಿಷ ನೇರವಾಗಿ ಈಲಿಗೆ, ಅಂದರೆ ಲಿವರಿಗೆ ಹೊಡೆಯುತ್ತದೆ. ಮಾರಾಟಕ್ಕೆ ಬಾರದ ಜೊಳ್ಳು, ಮುಗ್ಗಲು ಕಾಳನ್ನು "ಗಿಣಿಗೆ ಹಾಕು" ಎನ್ನುವವರು ಇದನ್ನು ನೆನಪಿಡಬೇಕು.

ಹಾಗಾದರೆ ಏನು ಕೊಡಬೇಕು? ನುಗ್ಗೆ ಸೊಪ್ಪು, ಕ್ಯಾರೆಟ್, ಸಿಹಿಗುಂಬಳ, ಪರಂಗಿ ಹಣ್ಣು, ಸೀಬೆಹಣ್ಣು, ಮೊಳಕೆ ಹೆಸರುಕಾಳು, ಸಜ್ಜೆ, ನವಣೆ. ಹಸಿಮೆಣಸಿನಕಾಯಿಯೂ ಆಗಬಹುದು, ನಮಗೆ ಹತ್ತುವ ಖಾರ ಹಕ್ಕಿಯ ಬಾಯಿಗೆ ಹತ್ತುವುದೇ ಇಲ್ಲ. ಉಪ್ಪು, ಕರಿದದ್ದು, ಟೀ, ಚಾಕಲೇಟು, ಈರುಳ್ಳಿ ಬೇಡವೇ ಬೇಡ. ಊಟವನ್ನು ಒಂದೇ ದಿನ ಬದಲಿಸಬಾರದು. ಹಳೆಯದನ್ನು ದಿನದಿನಕ್ಕೆ ಇಳಿಸುತ್ತಾ ಹೊಸದನ್ನು ಏರಿಸಬೇಕು.

ಹೊಗೆ, ತಂತಿ, ಕತ್ತರಿ

ಊಟ ಸರಿ ಇದ್ದೂ ಕೀಳುವ ಗಿಣಿಗಳಿವೆ. ಅಂಗಡಿಯ ಊದುಬತ್ತಿ, ಬೀಡಿ ಹೊಗೆ ಅದಕ್ಕೆ ಆಗದು. ಬೀಡಿ ಸೇದಿದ ಕೈಯಲ್ಲೇ ಮುಟ್ಟಿದರೆ ಕೈಗೆ ಅಂಟಿದ ನಿಕೋಟಿನ್ ಅದರ ಚರ್ಮಕ್ಕೆ ಉರಿ ತರುತ್ತದೆ. ಪಂಜರದ ಅಗ್ಗದ ತಂತಿಯ ಮೇಲಿನ ಸತುವಿನ ಲೇಪ ಕಚ್ಚಿ ಕಚ್ಚಿ ಹೊಟ್ಟೆ ಸೇರಿದರೆ ಅದೂ ವಿಷ. ಹಾರಬಾರದೆಂದು ಕತ್ತರಿ ಹಾಕಿದ ರೆಕ್ಕೆಯ ಮೊಂಡು ತುದಿಗಳು ಹಗಲೂ ರಾತ್ರಿ ಮೈಗೆ ಚುಚ್ಚುತ್ತವೆ. ಚುಚ್ಚುವುದನ್ನು ಕೀಳದೆ ಅದು ಇನ್ನೇನು ಮಾಡೀತು?

ನೀರಿನ ವಿಷಯವೂ ಅಷ್ಟೇ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ಇದು. ಒಣ ಗಾಳಿ, ಧೂಳು. ಹಕ್ಕಿಗೆ ಸ್ನಾನ ಬೇಕು. ಬೆಳಗಿನ ಬಿಸಿಲಿನಲ್ಲಿ ಅಗಲ ತಟ್ಟೆಯಲ್ಲಿ ನೀರಿಟ್ಟರೆ ತಾನೇ ಮೀಯುತ್ತದೆ. ಮೈಗೆ ಎಣ್ಣೆ ಮಾತ್ರ ಹಚ್ಚಬಾರದು. ಉಳಿದ ಗರಿಯೂ ಅಂಟಿಕೊಂಡು, ನೆಕ್ಕಿದ್ದು ಹೊಟ್ಟೆಗೆ ಹೋಗಿ, ಇರುವ ಕಷ್ಟ ಇಮ್ಮಡಿ.

ನಿದ್ದೆಯೂ ಬೇಕು, ಹತ್ತು ಹನ್ನೆರಡು ಗಂಟೆ ಕತ್ತಲಲ್ಲಿ. ರಾತ್ರಿ ಹತ್ತರವರೆಗೆ ಟ್ಯೂಬ್‌ಲೈಟ್, ಬೆಳಗಿನ ಜಾವ ಹಾಲಿನ ಗಾಡಿ. ನಡುವೆ ನಿದ್ದೆ ಎಲ್ಲಿ ಬಂತು?

ಒಂಟಿತನಕ್ಕೆ ಮದ್ದುಂಟೆ?

ಹೊಲದ ಕಡೆ ಹೋದವರು ನೋಡಿರುತ್ತಾರೆ. ಗಿಣಿ ಒಂಟಿಯಾಗಿ ಬರುವುದಿಲ್ಲ. ಕೀ ಕೀ ಎನ್ನುತ್ತಾ ಹಿಂಡಾಗಿ ಬಂದು ಸೂರ್ಯಕಾಂತಿ ಹೊಲಕ್ಕೆ ಇಳಿಯುತ್ತದೆ, ರೈತನ ಬಾಯಲ್ಲಿ ಬೈಸಿಕೊಂಡು ಹಿಂಡಾಗಿಯೇ ಏಳುತ್ತದೆ. ಹಗಲೆಲ್ಲ ಹಾರುವುದು, ಹುಡುಕುವುದು, ಸುಲಿಯುವುದು. ಜೊತೆಗಾರನ ತಲೆ ಕೆದರುವುದು. ಇದೇ ಅದರ ಬದುಕು.

ಪಂಜರದಲ್ಲಿ? ಬಟ್ಟಲು ತುಂಬ ಕಾಳು, ಐದು ನಿಮಿಷದ ಊಟ. ಉಳಿದ ಹೊತ್ತೆಲ್ಲ ಸುಮ್ಮನೆ ಕೂರುವುದು. ಕೆಲಸವಿಲ್ಲದ ಕೊಕ್ಕು ತನ್ನ ಮೈಯನ್ನೇ ಕೆಲಸ ಮಾಡಿಕೊಳ್ಳುತ್ತದೆ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದವರು ಅಮೆಜಾನ್ ಗಿಣಿಗಳ ಮೇಲೆ ಮಾಡಿ 2003ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇದೇ ಕಂಡಿತು. ಊಟವನ್ನು ಹುಡುಕಿ, ಬಿಚ್ಚಿ ತಿನ್ನುವಂತೆ ಇಟ್ಟು, ಹತ್ತಿ ಆಡಲು ಸಾಮಾನು ಕೊಟ್ಟ ಗಿಣಿಗಳಲ್ಲಿ ಪುಕ್ಕ ಕೀಳುವುದು ಕಡಿಮೆಯಾಯಿತು.

ಇದಕ್ಕೆ ದುಡ್ಡು ಖರ್ಚಿಲ್ಲ. ಕಾಳನ್ನು ಜೋಳದ ರವದಿಯಲ್ಲಿ ಸುತ್ತಿಡಿ, ಬೇವಿನ ಕಡ್ಡಿ, ತೆಂಗಿನ ಚಿಪ್ಪು ಕೊಡಿ. ಕೀಳುವಾಗ ಗದರಿಸಬೇಡಿ. ಗದರಿದರೂ ಅದಕ್ಕೆ ಅದು ಮಾತೇ. ನೀವು ತಿರುಗಿ ನೋಡಲೆಂದು ಇನ್ನಷ್ಟು ಕೀಳುತ್ತದೆ. ಸುಮ್ಮನಿದ್ದಾಗ ಮಾತಾಡಿಸಿ. ಗರಿ ಬರಲು ವಾರಗಳು, ತಿಂಗಳುಗಳು ಬೇಕು. ವರ್ಷಗಟ್ಟಲೆ ಕಿತ್ತ ಜಾಗದಲ್ಲಿ ಬೇರೇ ಸತ್ತು ಮತ್ತೆ ಬಾರದಿರುವುದೂ ಉಂಟು. ಅದಕ್ಕೇ ತಡ ಮಾಡಬಾರದು ಎನ್ನುವುದು.

ಇನ್ನು ಕೇಸಿನ ಮಾತು

ನಮ್ಮ ನಾಡಿನ ಹಸಿರು ಗಿಣಿ ಸಾಕುಪ್ರಾಣಿಯಲ್ಲ, ಕಾಡುಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಡುವುದು ಅಪರಾಧ. ದೇಶದ ಕಾಡುಹಕ್ಕಿಗಳ ವ್ಯಾಪಾರಕ್ಕೆ 1990-91ರಿಂದಲೇ ನಿಷೇಧವಿದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಗಿಣಿ ಎರಡನೇ ಅನುಸೂಚಿಯಲ್ಲಿದೆ. ತಪ್ಪಿತಸ್ಥನೆಂದು ಸಾಬೀತಾದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

"ನಾವೇನು ಕಳ್ಳರಾ? ಮರದಿಂದ ಬಿದ್ದ ಮರಿ ತಂದು ಸಾಕಿದ್ದು" ಎನ್ನುವವರಿದ್ದಾರೆ. ಮರದ ಪೊಟರೆಗೆ ಕೈ ಹಾಕಿ ಮರಿ ಕದ್ದು ಮಾರುವವನೂ ಇದೇ ಮಾತು ಹೇಳುತ್ತಾನೆ. ಕಾಯ್ದೆ ಇಬ್ಬರಿಗೂ ಒಂದೇ.

ವಿದೇಶಿ ಹಕ್ಕಿಗಳ ಲೆಕ್ಕ ಬೇರೆ. ಆಫ್ರಿಕಾದ ಬೂದು ಗಿಣಿಯಂಥವನ್ನು ಸಾಕುವವರು 2024ರ ಫೆಬ್ರುವರಿಯಲ್ಲಿ ಬಂದ ನಿಯಮದಂತೆ ನೋಂದಣಿ ಮಾಡಿಸಬೇಕು.

ಮೊಳಕಾಲ್ಮೂರಿನಲ್ಲಿ ಆದದ್ದು

ಕಾಯ್ದೆಗೆ ಹೆದರಿ ಪಂಜರದ ಬಾಗಿಲು ತೆಗೆದುಬಿಟ್ಟರೆ ಆಯಿತೇ? ಇಲ್ಲ. ಮೊಳಕಾಲ್ಮೂರಿನ ಒಂದು ನೇಕಾರರ ಮನೆಯಲ್ಲಿ ಹೀಗೇ ಆಯಿತು. ಮಗ್ಗದ ಪಕ್ಕದ ಪಂಜರದಲ್ಲಿದ್ದ ಗಿಣಿ ಎದೆಯ ಪುಕ್ಕ ಕಿತ್ತುಕೊಳ್ಳುತ್ತಿತ್ತು. "ಪಾಪ, ಎಲ್ಲಾದ್ರೂ ಬದುಕ್ಕೊಳ್ಳಲಿ" ಎಂದು ಮನೆಯಾಕೆ ಗುಡ್ಡದ ಬುಡದಲ್ಲಿ ಬಿಟ್ಟುಬಂದರು. ಗಿಣಿ ನಾಲ್ಕು ಮಾರು ಹಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಓಡುವಷ್ಟರಲ್ಲಿ ಕಾಗೆಗಳು ಮುತ್ತಿದ್ದವು. "ಒಳ್ಳೇದ್ ಮಾಡಾಕ್ ಹೋದೆ ಕಣಪ್ಪ" ಎನ್ನುತ್ತಾ ಆಕೆ ಈಗಲೂ ಕಣ್ಣೊರೆಸಿಕೊಳ್ಳುತ್ತಾರೆ.

ಬೋಳು ಮೈ, ಬಲವಿಲ್ಲದ ರೆಕ್ಕೆ, ಹುಡುಕಿ ತಿನ್ನಲು ಕಲಿಯದ ಬಾಯಿ. ಇಂಥ ಹಕ್ಕಿಯನ್ನು ಬಿಡುವುದೆಂದರೆ ಕೊಲ್ಲುವುದೇ. ಮೊದಲು ಪಶುವೈದ್ಯರಿಗೆ ತೋರಿಸಬೇಕು, ಆಮೇಲೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಗರಿ ಬಂದು, ಹಾರಲು ಕಲಿತು, ಹಿಂಡಿಗೆ ಸೇರುವಂತಾದರೆ ಆಗ ಬಿಡುಗಡೆ. ತಾನಾಗಿ ತಂದೊಪ್ಪಿಸಿದವರಿಗೆ ಮಾಫಿ ಎಂದು ಕಾಯ್ದೆಯಲ್ಲಿ ಬರೆದಿಲ್ಲ, ನಿಜ. ಆದರೆ ಮುಚ್ಚಿಟ್ಟರೆ ತಪ್ಪು ಕರಗುವುದೂ ಇಲ್ಲ. ಗರಿ ಮಾತ್ರ ದಿನಾ ಕರಗುತ್ತದೆ.

ಮೊಳಕಾಲ್ಮೂರು ತಾಲ್ಲೂಕಿನವರಿಗೆ ಇದೇನೂ ಹೊಸ ಪಾಠವಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿ ಬರೆಸಿದ್ದು ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆ ಇರಲಿ, ಸತ್ಯ ಹೇಳಿ ಎಂಬುದು ಅದರ ಸಾರ. ಅದೇ ದೊರೆ ಉತ್ತರದ ಸ್ತಂಭಗಳಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನೇ ಕೊರೆಸಿದ. ಆ ಪಟ್ಟಿಯಲ್ಲಿ ಮೊದಲ ಹೆಸರು ಯಾವುದು ಗೊತ್ತೇ? ಗಿಣಿ!

ಚಳ್ಳಕೆರೆಯ ಸಾವ್ಕಾರ್ರು ಈಗ ಶೇಂಗಾ ನಿಲ್ಲಿಸಿ ನುಗ್ಗೆ ಸೊಪ್ಪು ಹಾಕುತ್ತಿದ್ದಾರೆ. ಪಂಜರ ಗಲ್ಲದ ಮೇಲಿಂದ ಹಿತ್ತಲಿಗೆ, ಬೇವಿನ ಮರದ ನೆರಳಿಗೆ ಹೋಗಿದೆ. ಮೇಲೆ ಹಿಂಡು ಹಾದುಹೋದಾಗ ಗಿಣಿ ಕತ್ತೆತ್ತಿ ಕೂಗುತ್ತದಂತೆ. "ಮೂರ್ ತಿಂಗ್ಳಿಂದ ಕೂಗಿರಲಿಲ್ಲ ಕಣಣ್ಣ" ಎಂದರು ಸಾವ್ಕಾರ್ರು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮನ್ನಲ್ಲ, ಅವನ್ನ ಕರೀತೈತೆ" ಎಂದರು.

ಸೋಮವಾರ ದವಾಖಾನೆಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಅಲ್ಲಿಂದ ಅರಣ್ಯ ಇಲಾಖೆಯ ಕಚೇರಿಗೆ. ಬೋರ್ಡು ಬರೆಸುವವನಿಗೂ ಹೇಳಿ ಕಳಿಸಿದ್ದಾರೆ.